ಮುಚ್ಚದ ತೂಬು: ಜೀವಕೋಶದ ಸಂಕೇತಗಳು ಮತ್ತು ಕ್ಯಾನ್ಸರ್



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಜೀವಕೋಶದೊಳಗಿನ ಸಂಕೇತ ಪ್ರೋಟೀನುಗಳು ಮತ್ತು ಅವಕ್ಕೂ ಕ್ಯಾನ್ಸರಿಗೂ ಇರುವ ನಂಟು. ಈ ವಿಷಯದ ಹರವು ದೊಡ್ಡದು. ಒಂದು ಗಂಟೆಯಲ್ಲಿ ಅದನ್ನೆಲ್ಲ ಸುತ್ತಿ ಬರುತ್ತೇನೆಂದು ಹೊರಟರೆ ಹೆಸರುಗಳ ಪಟ್ಟಿಯೊಂದು ನಿಮ್ಮ ಕೈಗೆ ಸಿಕ್ಕೀತು, ತಿಳಿವಳಿಕೆ ಸಿಗಲಾರದು. ಹಾಗಾಗಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಟೋನಿ ಹಂಟರ್ 1979ರಲ್ಲಿ ಕಂಡುಕೊಂಡ ಒಂದು ರಾಸಾಯನಿಕ ಸಂಗತಿಯನ್ನು ನಡುಗಂಬವಾಗಿ ನೆಟ್ಟು, ಅದರ ಹಿಂದೆ ಏನಿತ್ತು, ಮುಂದೆ ಏನಾಯಿತು ಎಂದು ನೋಡಲು ಬಯಸುತ್ತೇನೆ. ಮೊದಲು ಜೀವಕೋಶ ಸುದ್ದಿಯನ್ನು ಹೇಗೆ ಸಾಗಿಸುತ್ತದೆ ಎನ್ನುವುದು, ಬಳಿಕ ಹಂಟರ್ ಅವರ ಶೋಧ, ಆಮೇಲೆ ಆ ಶೋಧದಿಂದ ಹುಟ್ಟಿದ ಔಷಧಿ, ಕೊನೆಗೆ ಈ ಇಡೀ ಆಲೋಚನೆಯ ಮೇಲೆ ಬಂದಿರುವ ಆಕ್ಷೇಪಗಳು. ಇವುಗಳ ಉದ್ದಕ್ಕೂ ನಾನು ಮಂಡಿಸಲಿರುವ ವಾದ ಒಂದೇ. ಕ್ಯಾನ್ಸರನ್ನು ನಾವು ಸಾಮಾನ್ಯವಾಗಿ ಬೆಳವಣಿಗೆಯ ಅತಿರೇಕ ಎಂದು ತಿಳಿಯುತ್ತೇವೆ. ಸಂಕೇತ ಪ್ರೋಟೀನುಗಳ ಅಧ್ಯಯನ ಇದನ್ನೇ ಇನ್ನೊಂದು ಬದಿಯಿಂದ ತೋರಿಸಿದೆ. ಬೆಳೆಯುವ ಶಕ್ತಿ ಜೀವಕೋಶಗಳಿಗೆ ಸಹಜವಾದದ್ದು, ಅದರಲ್ಲಿ ದೋಷವಿಲ್ಲ. ಕೆಡುವುದು ನಿಲ್ಲಿಸುವ ವ್ಯವಸ್ಥೆ.

ನಮ್ಮ ಸೀಮೆಯ ಕೆರೆಗಳನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಕೆರೆಗೆ ತೂಬು ಇರುತ್ತದೆ, ತೂಬಿಗೆ ನೀರಗಂಟಿ ಇರುತ್ತಾನೆ. ಸರದಿ ಬಂದ ಗದ್ದೆಗೆ ನೀರು ಬಿಡುವುದು ಅವನ ಕೆಲಸದ ಅರ್ಧ ಮಾತ್ರ. ಗದ್ದೆ ಕುಡಿದು ತಣಿದ ಮೇಲೆ ಹೊತ್ತಿಗೆ ಸರಿಯಾಗಿ ತೂಬು ಮುಚ್ಚುವುದು ಉಳಿದರ್ಧ, ಊರು ಅವನನ್ನು ನೆಚ್ಚುವುದು ಆ ಅರ್ಧಕ್ಕಾಗಿ. ಮುಚ್ಚದೆ ಹೋದರೆ ನೀರಿಗೆ ಯಾವ ದುರುದ್ದೇಶವೂ ಇಲ್ಲದೆಯೇ ಬೆಳೆ ಕೊಳೆಯುತ್ತದೆ. ಮನುಷ್ಯ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ ಎಂದು ಅಂದಾಜು. ಅವುಗಳಲ್ಲಿ ಯಾವುದು ಯಾವಾಗ ಇಬ್ಭಾಗವಾಗಬೇಕು, ಯಾವುದು ಸುಮ್ಮನಿರಬೇಕು ಎಂಬುದು ಹೊರಗಿನಿಂದ ಬರುವ ಸುದ್ದಿಯ ಮೇಲೆ ನಿಂತಿದೆ. ಅಂಥ ಒಂದು ಸುದ್ದಿಯನ್ನು ಸ್ಟ್ಯಾನ್ಲಿ ಕೋಹೆನ್ ಕಂಡುಕೊಂಡ ಬಗೆ ಸೊಗಸಾಗಿದೆ. ಇಲಿಯ ಜೊಲ್ಲುಗ್ರಂಥಿಯಿಂದ ತೆಗೆದ ಸಾರವನ್ನು ಆಗತಾನೆ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದಾಗ ಅವು ವಾಡಿಕೆಗಿಂತ ಎಷ್ಟೋ ಮೊದಲೇ ಕಣ್ಣು ಬಿಟ್ಟವು. ಆ ಸಾರದಲ್ಲಿದ್ದ ಸಣ್ಣ ಪ್ರೋಟೀನು ಚರ್ಮದ ಮೇಲ್ಪದರದ ಕೋಶಗಳಿಗೆ ಬೆಳೆಯಲು ಹೇಳುತ್ತಿತ್ತು. ಕೋಹೆನ್ ಅದನ್ನು 1962ರಲ್ಲಿ ಬೇರ್ಪಡಿಸಿ ವರದಿ ಮಾಡಿದರು. 1986ರಲ್ಲಿ ಅವರಿಗೂ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ ನೊಬೆಲ್ ಬಹುಮಾನ ಬಂತು.

ಆದರೆ ಆ ಸುದ್ದಿ ಕೋಶದ ಹೊರಬಾಗಿಲಿಗೆ ಬಂದು ನಿಲ್ಲುತ್ತದೆ, ಒಳಗೆ ಬರುವುದಿಲ್ಲ. ಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಗ್ರಾಹಕ ಪ್ರೋಟೀನು ಹೊರಗೆ ಅದನ್ನು ಹಿಡಿಯುತ್ತದೆ, ಒಳಗೆ ತಾನೇ ಬದಲಾಗುತ್ತದೆ. ಬಾಗಿಲ ಸದ್ದು ಒಳಮನೆಗೆ ಮುಟ್ಟುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟದ್ದು ಕ್ಯಾನ್ಸರಿನ ಗೊಡವೆಯೇ ಇಲ್ಲದ ಒಂದು ಕೆಲಸ. ಸಿಯಾಟಲ್‌ನಲ್ಲಿ ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್ 1950ರ ದಶಕದ ನಡುವಿನಲ್ಲಿ ಸ್ನಾಯು ಸಕ್ಕರೆಯನ್ನು ಹೇಗೆ ಬಳಸುತ್ತದೆ ಎಂದು ಹುಡುಕುತ್ತಿದ್ದರು. ಒಂದು ಕಿಣ್ವಕ್ಕೆ ಫಾಸ್ಫೇಟಿನ ತುಣುಕೊಂದು ಅಂಟಿದರೆ ಅದು ಎಚ್ಚರಗೊಳ್ಳುತ್ತದೆ, ಆ ತುಣುಕನ್ನು ಕಿತ್ತರೆ ಮಲಗುತ್ತದೆ ಎಂದು ಅವರಿಗೆ ತಿಳಿಯಿತು. ಅಂಟಿಸುವ ಕಿಣ್ವಗಳ ಕುಲಕ್ಕೆ ಕೈನೇಸ್ ಎಂದೂ ಕೀಳುವ ಕಿಣ್ವಗಳ ಕುಲಕ್ಕೆ ಫಾಸ್ಫಟೇಸ್ ಎಂದೂ ಹೆಸರು. ಅಂಟುವುದು, ಕೀಳುವುದು, ಮತ್ತೆ ಅಂಟುವುದು: ಜೀವಕೋಶದ ಸುದ್ದಿ ಬಹುಪಾಲು ಸಾಗುವುದು ಈ ಲಿಪಿಯಲ್ಲಿ. ಅವರ ಶೋಧಕ್ಕೆ ನೊಬೆಲ್ ಬಂದದ್ದು 1992ರಲ್ಲಿ. ಅಷ್ಟು ತಡವಾಗಲು ಕಾರಣವೂ ಇದೆ. ಸ್ನಾಯುವಿನ ಒಂದು ಮೂಲೆಯಲ್ಲಿ ಸಿಕ್ಕ ಈ ಲಿಪಿ ಇಡೀ ಜೀವಲೋಕದ ಲಿಪಿ ಎಂದು ಮನಗಾಣಲು ಅಷ್ಟು ಕಾಲ ಬೇಕಾಯಿತು.

ಇಲ್ಲಿಂದ ಕ್ಯಾನ್ಸರಿನ ಕಡೆಗೆ ಹೊರಳೋಣ. ಈ ದಾರಿ ಶುರುವಾಗುವುದು ಒಂದು ಕೋಳಿಯಿಂದ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆಯನ್ನು ಅರೆದು, ಕೋಶಗಳಾಗಲಿ ಬ್ಯಾಕ್ಟೀರಿಯಾಗಳಾಗಲಿ ದಾಟಲಾರದ ಸೋಸಣಿಗೆಯಲ್ಲಿ ಸೋಸಿ, ಆ ತಿಳಿಯನ್ನು ಬೇರೆ ಕೋಳಿಗೆ ಚುಚ್ಚಿದರೂ ಗಡ್ಡೆ ಬೆಳೆಯುತ್ತದೆ ಎಂದು 1911ರಲ್ಲಿ ಬರೆದರು. ಅಂದರೆ ಈ ಗಡ್ಡೆಗೆ ವೈರಸ್ ಕಾರಣ. ಕೇಳಿದವರು ಕಡಿಮೆ, ನೊಬೆಲ್ ಬಂದಾಗ 1966, ರೌಸ್ ಅವರಿಗೆ 87 ವರ್ಷ. ಮುಂದೆ ಆ ವೈರಸ್ಸಿನ ನಾಲ್ಕು ಜೀನುಗಳಲ್ಲಿ ಒಂದೇ ಒಂದು ಜೀನು ಗಡ್ಡೆಗೆ ಕಾರಣ ಎಂದು ಗೊತ್ತಾಯಿತು. ಅದಕ್ಕೆ ಸಾರ್ಕ್ ಎಂಬ ಹೆಸರು ಬಿತ್ತು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಅವರ ಸಹೋದ್ಯೋಗಿಗಳು 1976ರಲ್ಲಿ ಇನ್ನೂ ದೊಡ್ಡ ಸಂಗತಿಯನ್ನು ಹೇಳಿದರು. ಸಾರ್ಕ್ ವೈರಸ್ಸಿನ ಸ್ವಂತ ಆಸ್ತಿಯಲ್ಲ. ರೋಗವಿಲ್ಲದ ಆರೋಗ್ಯವಂತ ಹಕ್ಕಿಗಳ ಕೋಶಗಳಲ್ಲೂ ಅದರ ಮೂಲರೂಪವಿದೆ, ವೈರಸ್ ಅದನ್ನು ಎಂದೋ ಕದ್ದೊಯ್ದಿದೆ ಎಂದು. ಬೇಲಿಯೇ ಎದ್ದು ಹೊಲ ಮೇಯುವ ಮಾತನ್ನು ನಾವು ಆಡಳಿತದ ಬಗ್ಗೆ ಆಡುತ್ತೇವೆ, ಇಲ್ಲಿ ಅದು ಅಕ್ಷರಶಃ ನಿಜವಾಗಿತ್ತು. ಕ್ಯಾನ್ಸರಿನ ಬೀಜ ಹೊರಗಿನಿಂದ ಬರಬೇಕಾಗಿಲ್ಲ. ನಮ್ಮ ಕಾವಲಿನ ಜೀನುಗಳೇ ರೂಪ ಬದಲಿಸಿದರೆ ಸಾಕು.

ಜೀನು ಸಿಕ್ಕಿತು, ಸರಿ. ಅದರಿಂದ ಹುಟ್ಟುವ ಪ್ರೋಟೀನು ಮಾಡುವುದಾದರೂ ಏನು? 1978ರಲ್ಲಿ ರೇಮಂಡ್ ಎರಿಕ್ಸನ್ ಅವರ ತಂಡ ಅದು ಕೈನೇಸ್ ಎಂದು ತೋರಿಸಿತು. ಬಿಷಪ್ ಮತ್ತು ವಾರ್ಮಸ್ ಅವರ ಗುಂಪಿಗೂ ಅದೇ ಕಂಡಿತು. ಆ ಹೊತ್ತಿನ ತಿಳಿವಳಿಕೆಯ ಪ್ರಕಾರ ಪ್ರೋಟೀನುಗಳಲ್ಲಿ ಫಾಸ್ಫೇಟು ಅಂಟುವುದು ಎರಡೇ ಬಗೆಯ ಅಮೈನೋ ಆಮ್ಲಗಳ ಮೇಲೆ, ಸೆರಿನ್ ಮತ್ತು ಥ್ರಿಯೊನಿನ್. ಸಾರ್ಕ್ ಥ್ರಿಯೊನಿನ್ ಮೇಲೆ ಅಂಟಿಸುತ್ತದೆ ಎಂದು ಪ್ರಕಟವೂ ಆಯಿತು. ಪ್ರಕರಣ ಮುಗಿದಂತೆಯೇ ಇತ್ತು. ಹಂಟರ್ ಅವರ ಪ್ರಯೋಗಾಲಯದಲ್ಲಿ ನಡೆಯುತ್ತಿದ್ದದ್ದು ಬೇರೆ ವೈರಸ್ಸಿನ ಕೆಲಸ, ಇಲಿಗಳಲ್ಲಿ ಗಡ್ಡೆ ತರುವ ಪಾಲಿಯೋಮಾ ವೈರಸ್ಸಿನದು. ಅದರ ಪ್ರೋಟೀನಿನ ಜೊತೆ ಬರುವ ಕೈನೇಸ್ ಯಾವ ಅಮೈನೋ ಆಮ್ಲವನ್ನು ಮುಟ್ಟುತ್ತದೆ ಎಂದು ನೋಡಬೇಕಿತ್ತು. ವಿಧಾನ ಸರಳ. ಪ್ರೋಟೀನನ್ನು ಆಮ್ಲದಲ್ಲಿ ಬೇಯಿಸಿ ಬಿಡಿಬಿಡಿಯಾಗಿಸಿ, ತೆಳುಪದರದ ಫಲಕದ ಮೇಲೆ ಹನಿಸಿ, ಆಮ್ಲೀಯ ದ್ರಾವಣದಲ್ಲಿ ವಿದ್ಯುತ್ ಹರಿಸಿದರೆ ಒಂದೊಂದೂ ತನ್ನ ತನ್ನ ವೇಗದಲ್ಲಿ ಸರಿದು ಬೇರೆ ಬೇರೆ ಕಡೆ ಚುಕ್ಕಿಯಾಗಿ ನಿಲ್ಲುತ್ತದೆ. ಆ ದ್ರಾವಣದ ಪಿಎಚ್ 1.9 ಇರಬೇಕು. ಹಂಟರ್ ಹೊಸ ದ್ರಾವಣ ಮಾಡುವ ಗೋಜಿಗೆ ಹೋಗದೆ ಹಳೆಯದನ್ನೇ ಮತ್ತೆ ಮತ್ತೆ ಬಳಸಿದ್ದರು. ಹಳತಾಗುತ್ತ ಅದರ ಪಿಎಚ್ 1.7ಕ್ಕೆ ಇಳಿದಿತ್ತು. ಆ ಸಣ್ಣ ಇಳಿತದಲ್ಲಿ ಥ್ರಿಯೊನಿನ್ ಚುಕ್ಕಿ ನಿಲ್ಲಬೇಕಾದ ಜಾಗದ ಪಕ್ಕದಲ್ಲಿ ಮತ್ತೊಂದು ಚುಕ್ಕಿ ಕಾಣಿಸಿಕೊಂಡಿತು. ಪಿಎಚ್ 1.9ರಲ್ಲಾದರೆ ಎರಡೂ ಒಂದರ ಮೇಲೊಂದು ಬಿದ್ದು ಒಂದೇ ಎನಿಸುತ್ತಿದ್ದವು. ಥ್ರಿಯೊನಿನ್ ಎಂದು ಹೆಸರಾಂತ ಪ್ರಯೋಗಾಲಯಗಳು ಓದಿದ್ದ ಚುಕ್ಕಿಯಲ್ಲಿ ಬೇರೊಂದು ಹೆಸರು ಅಡಗಿತ್ತು.

ಯಾವುದದು? ಫಾಸ್ಫೇಟು ಅಂಟಲು ಬೇಕಾದ ಹೈಡ್ರಾಕ್ಸಿಲ್ ಗುಂಪು ಟೈರೊಸಿನ್ ಎಂಬ ಅಮೈನೋ ಆಮ್ಲದಲ್ಲೂ ಇದೆ. ಹಂಟರ್ ಟೈರೊಸಿನ್ನಿಗೆ ಫಾಸ್ಫೇಟು ಅಂಟಿದ ವಸ್ತುವನ್ನು ತಾವೇ ತಯಾರಿಸಿ ಆ ಅಪರಿಚಿತ ಚುಕ್ಕಿಯ ಪಕ್ಕ ಓಡಿಸಿ ನೋಡಿದರು. ಎರಡೂ ಒಂದೇ ಕಡೆ ನಿಂತವು. ಈ ಫಲಿತಾಂಶ ವಾಲ್ಟರ್ ಎಕ್‌ಹಾರ್ಟ್ ಮತ್ತು ಮೇರಿ ಆ್ಯನ್ ಹಚಿನ್‌ಸನ್ ಅವರೊಂದಿಗೆ 1979ರಲ್ಲಿ ಅಚ್ಚಾಯಿತು. ಬೆನ್ನಿಗೇ ಸಾರ್ಕ್ ಕೂಡ ಟೈರೊಸಿನ್ ಕೈನೇಸ್ ಎಂದು ಹಂಟರ್ ಮತ್ತು ಬಾರ್ಟ್ ಸೆಫ್ಟನ್ 1980ರಲ್ಲಿ ತೋರಿಸಿದರು. ಅವರು ಕೊಟ್ಟ ಒಂದು ಅಂಕಿಯ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಸಾಮಾನ್ಯ ಕೋಳಿ ಕೋಶದಲ್ಲಿ ಫಾಸ್ಫೇಟು ಹೊತ್ತ ಅಮೈನೋ ಆಮ್ಲಗಳಲ್ಲಿ ಟೈರೊಸಿನ್ನಿನ ಪಾಲು ಶೇಕಡ 0.03 ಮಾತ್ರ, ಅಂದರೆ ಹತ್ತು ಸಾವಿರಕ್ಕೆ ಮೂರು. ರೌಸ್ ವೈರಸ್ ಹೊಕ್ಕ ಕೋಶದಲ್ಲಿ ಅದು ಸುಮಾರು ಎಂಟು ಪಟ್ಟು ಏರುತ್ತದೆ. ಏರಿಕೆಯ ಮಾತು ಎಲ್ಲರೂ ಗಮನಿಸುವಂಥದು. ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಮೊದಲ ಅಂಕಿ. ಅಷ್ಟು ಅತ್ಯಲ್ಪ ಏಕಿದೆ? ಅಂಟಿಸುವ ಕೈನೇಸುಗಳು ಕೋಶದಲ್ಲಿ ಬೇಕಾದಷ್ಟಿವೆ. ಮನುಷ್ಯರ ಜೀನುಗಳಲ್ಲಿ ಟೈರೊಸಿನ್ ಕೈನೇಸುಗಳೇ 90 ಎಂದು 2002ರ ಎಣಿಕೆ ಹೇಳುತ್ತದೆ, ಆ ಎಣಿಕೆಯಲ್ಲಿ ಹಂಟರ್ ಕೂಡ ಇದ್ದರು. ಆದರೂ ಫಾಸ್ಫೇಟು ನಿಲ್ಲುವುದಿಲ್ಲ. ಕೈನೇಸುಗಳಿಗೆ ಹೆಚ್ಚಿನ ಹೊತ್ತು ಬೀಗ ಬಿದ್ದಿರುತ್ತದೆ, ಅಂಟಿದ್ದನ್ನು ಫಾಸ್ಫಟೇಸುಗಳು ಕೂಡಲೇ ಕಿತ್ತು ಹಾಕುತ್ತವೆ. ಟೈರೊಸಿನ್ನಿನ ಸುದ್ದಿ ಕ್ಷಣಿಕವಾಗಿರುವುದೇ ಅದರ ಗುಣ. ಕ್ಷಣಿಕವಾದ್ದರಿಂದಲೇ ಅಷ್ಟು ದಶಕಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ.

ಈಗ ನನ್ನ ವಾದಕ್ಕೆ ಬೇಕಾದ ಗಟ್ಟಿ ಸಾಕ್ಷ್ಯಕ್ಕೆ ಬರುತ್ತೇನೆ. ಆರೋಗ್ಯವಂತ ಕೋಶದ ಸಾರ್ಕಿಗೂ ವೈರಸ್ಸಿನ ಸಾರ್ಕಿಗೂ ವ್ಯತ್ಯಾಸವೇನು? ಅಂಟಿಸುವ ಯಂತ್ರಭಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕೋಳಿಯ ಸಾರ್ಕಿನ ಬಾಲದಲ್ಲಿ 527ನೆಯ ಜಾಗದಲ್ಲಿ ಒಂದು ಟೈರೊಸಿನ್ ಇದೆ. ಅದರ ಮೇಲೆ ಬೇರೊಂದು ಕೈನೇಸ್ ಫಾಸ್ಫೇಟು ಅಂಟಿಸಿದಾಗ ಬಾಲ ಮಡಚಿಕೊಂಡು ಪ್ರೋಟೀನಿನ ಮೈಗೇ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ, ಯಂತ್ರ ನಿಲ್ಲುತ್ತದೆ. ಈ ಜಾಗದ ಮಹತ್ವವನ್ನು 1986ರಲ್ಲಿ ಜೊನಾಥನ್ ಕೂಪರ್, ಹಂಟರ್ ಮತ್ತು ಸಂಗಡಿಗರು ಗುರುತಿಸಿದರು. ಮಡಚಿದ ಬಾಲದ ಚಿತ್ರ 1997ರಲ್ಲಿ ಎಕ್ಸ್-ರೇ ಸ್ಫಟಿಕ ಅಧ್ಯಯನದಿಂದ ಕಣ್ಣಿಗೇ ಕಂಡಿತು. ವೈರಸ್ ಕದ್ದ ಸಾರ್ಕಿನಲ್ಲಿ ಆ ಬಾಲದ ತುದಿಯೇ ಇಲ್ಲ. ವೈರಸ್ಸು ಹೆಚ್ಚು ಬಲದ ಯಂತ್ರವನ್ನು ತಂದಿಲ್ಲ, ಚಿಲಕ ಕಿತ್ತ ಯಂತ್ರವನ್ನು ತಂದಿದೆ. ಇಲ್ಲೊಂದು ಸಣ್ಣ ಕೌತುಕವೂ ಉಂಟು: ಚಿಲಕ ಹಾಕುವುದೂ ಫಾಸ್ಫೇಟು ಅಂಟಿಸಿಯೇ. ಅಂಟುವುದು ಎಂದರೆ ಚಾಲೂ, ಕೀಳುವುದು ಎಂದರೆ ಬಂದ್ ಎಂಬ ಪಠ್ಯಪುಸ್ತಕದ ಸರಳ ಸೂತ್ರ ಇಲ್ಲಿ ತಲೆಕೆಳಗಾಗುತ್ತದೆ. ನಿಲ್ಲಿಸುವುದು ಒಂದು ರಾಸಾಯನಿಕ ಕ್ರಿಯೆಯ ಹೆಸರಲ್ಲ. ಅದೊಂದು ಏರ್ಪಾಡು, ಒಂದೊಂದು ಪ್ರೋಟೀನಿನಲ್ಲೂ ಬೇರೆ ಬೇರೆ ಬಗೆಯದು.

ಇದು ಸಾರ್ಕ್ ಒಂದರದೇ ಕಥೆ ಎನ್ನದಿರಿ. ರಾಸ್ ಎಂಬ ಇನ್ನೊಂದು ಸಂಕೇತ ಪ್ರೋಟೀನನ್ನು ನೋಡಿ. ಅದು ಕೈನೇಸ್ ಅಲ್ಲ. ಜಿಟಿಪಿ ಎಂಬ ಅಣುವನ್ನು ಹಿಡಿದಿರುವಾಗ ಚಾಲೂ ಇರುತ್ತದೆ, ಅದನ್ನು ಸೀಳಿ ಜಿಡಿಪಿ ಮಾಡಿದಾಗ ನಿಲ್ಲುತ್ತದೆ. ಗಡಿಯಾರ ಅದರೊಳಗೇ ಇದೆ ಎನ್ನಬಹುದು. ಮನುಷ್ಯನ ಮೂತ್ರಕೋಶದ ಗಡ್ಡೆಯೊಂದರಿಂದ ಬೆಳೆಸಿದ ಕೋಶಗಳಲ್ಲಿ ರಾಸ್ ಜೀನಿನ ಒಂದೇ ಒಂದು ಅಕ್ಷರ ಬದಲಾಗಿ, 12ನೆಯ ಜಾಗದ ಗ್ಲೈಸಿನ್ ಹೋಗಿ ವ್ಯಾಲಿನ್ ಬಂದಿರುವುದು 1982ರಲ್ಲಿ ಗೊತ್ತಾಯಿತು. ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯವೂ ಸೇರಿ ಹಲವು ಗುಂಪುಗಳು ಇದನ್ನು ಒಟ್ಟೊಟ್ಟಿಗೆ ಕಂಡವು. ಆ ಬದಲಾವಣೆ ರಾಸ್ ಪ್ರೋಟೀನಿಗೆ ಹೊಸ ಬಲವನ್ನೇನೂ ಕೊಡಲಿಲ್ಲ. ಜಿಟಿಪಿ ಸೀಳುವ ಸಾಮರ್ಥ್ಯವನ್ನು ಮಾತ್ರ ಕಸಿದುಕೊಂಡಿತು. ಮತ್ತೆ ಅದೇ ಕಥೆ: ತೂಬು ತೆರೆದದ್ದು ನಿಯಮದಂತೆಯೇ, ಮುಚ್ಚುವ ಕೈ ಮಾತ್ರ ಇಲ್ಲ.

ಇನ್ನು ಮೂರನೆಯ ಭಾಗ, ಔಷಧಿಯದು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಸಿಎಂಎಲ್ ಎಂದು ವೈದ್ಯರು ಕರೆಯುವ ನಿಧಾನಗತಿಯ ರಕ್ತದ ಕ್ಯಾನ್ಸರಿನ ರೋಗಿಗಳಲ್ಲಿ ಗಿಡ್ಡದೊಂದು ಕ್ರೋಮೋಸೋಮನ್ನು ಕಂಡರು. 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ ಅದು ಗಿಡ್ಡವಾದದ್ದೇಕೆಂದು ಬಿಡಿಸಿದರು: 9 ಮತ್ತು 22ನೆಯ ಕ್ರೋಮೋಸೋಮುಗಳು ತುಂಡಾಗಿ ತುದಿಗಳನ್ನು ಅದಲುಬದಲು ಮಾಡಿಕೊಂಡಿವೆ. ಆ ಬೆಸುಗೆಯಲ್ಲಿ ಬಿಸಿಆರ್ ಎಂಬ ಜೀನಿನ ಮುಂಭಾಗ ಏಬಲ್ ಎಂಬ ಜೀನಿಗೆ ಅಂಟಿ ಹೊಸ ಪ್ರೋಟೀನು ಹುಟ್ಟುತ್ತದೆ. ಏಬಲ್ ಟೈರೊಸಿನ್ ಕೈನೇಸ್ ಎಂದು 1980ರಲ್ಲೇ, ಹಂಟರ್ ಶೋಧದ ಮರುವರ್ಷವೇ, ತಿಳಿದಿತ್ತು. ಹಾಗಾಗಿ ಈ ಕೈನೇಸಿಗೆ ತಡೆಯೊಡ್ಡುವ ಅಣು ಸಿಕ್ಕರೆ ರೋಗ ನಿಂತೀತೇ ಎಂಬ ಪ್ರಶ್ನೆ ಕೇಳಲು ಸಾಧ್ಯವಾಯಿತು. ಬಾಸೆಲ್‌ನ ಸೀಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲೈಡನ್ ಮತ್ತು ಸಂಗಡಿಗರು ಅಂಥ ಅಣುಗಳನ್ನು ರೂಪಿಸಿದರು. ಅದರಲ್ಲೊಂದನ್ನು ಸಿಎಂಎಲ್ ಕೋಶಗಳ ಮೇಲೆ ಪರೀಕ್ಷಿಸಿ, ಕಂಪನಿಗೆ ಉತ್ಸಾಹವಿಲ್ಲದಾಗಲೂ ಹಿಡಿದ ಹಟ ಬಿಡದೆ ರೋಗಿಗಳವರೆಗೆ ತಂದವರು ಒರೆಗಾನ್‌ನ ವೈದ್ಯ ಬ್ರಯನ್ ಡ್ರಕರ್. ಪರೀಕ್ಷೆ 1998ರಲ್ಲಿ ಶುರುವಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ, ರೋಗದ ಮೊದಲ ಹಂತದಲ್ಲಿದ್ದ 54 ರೋಗಿಗಳಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಕ್ಕೆ ಮರಳಿತು. 2001ರ ಮೇ ತಿಂಗಳಲ್ಲಿ ಅಮೆರಿಕದ ಒಪ್ಪಿಗೆ ದೊರೆತ ಆ ಮಾತ್ರೆಯೇ ಇಮ್ಯಾಟಿನಿಬ್. ಮುಂದೆ 1,106 ರೋಗಿಗಳನ್ನೊಳಗೊಂಡ ದೊಡ್ಡ ಪರೀಕ್ಷೆಯಲ್ಲಿ, ಮೊದಲಿಂದ ಈ ಔಷಧಿ ಪಡೆದವರಲ್ಲಿ ಶೇಕಡ 83 ಮಂದಿ ಹತ್ತು ವರ್ಷಗಳ ಬಳಿಕವೂ ಜೀವಂತವಾಗಿದ್ದರು.

ಒಪ್ಪಿಗೆ ದೊರೆತ ಆ ಮೇ ತಿಂಗಳಲ್ಲೇ ಟೈಮ್ ಪತ್ರಿಕೆಯ ಮುಖಪುಟ ಈ ಮಾತ್ರೆಗಳನ್ನು ಯುದ್ಧದ ಗುಂಡುಗಳೆಂದು ಕರೆಯಿತು. 1971ರಲ್ಲಿ ಅಧ್ಯಕ್ಷ ನಿಕ್ಸನ್ ಕ್ಯಾನ್ಸರ್ ಕಾಯಿದೆಗೆ ಸಹಿ ಹಾಕಿದಂದಿನಿಂದ ಅಲ್ಲಿ ಯುದ್ಧದ ಭಾಷೆ ರೂಢಿಯಲ್ಲಿದೆ, ನಮ್ಮ ಪತ್ರಿಕೆಗಳೂ ಅದನ್ನೇ ಎತ್ತಿಕೊಂಡಿವೆ. ಇಮ್ಯಾಟಿನಿಬ್ ಮಾಡುವ ಕೆಲಸಕ್ಕೆ ಆ ಹೋಲಿಕೆ ಒಗ್ಗುವುದಿಲ್ಲ. ಏಬಲ್ ಯಂತ್ರ ಕೆಲಸ ನಿಲ್ಲಿಸಿ ಕುಳಿತಾಗ ಅದರ ಮೈಯಲ್ಲಿ ಉಂಟಾಗುವ ಸಂದಿಗೆ ಈ ಅಣು ಹೋಗಿ ಸಿಕ್ಕಿಕೊಳ್ಳುತ್ತದೆ, ಮತ್ತೆ ಏಳಲು ಬಿಡುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದ ನಿದರ್ಶನ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಸಿಮಿನಿಬ್. ಸಹಜ ಏಬಲ್ ಪ್ರೋಟೀನಿನ ಮುಂತುದಿಯಲ್ಲಿ ಕೊಬ್ಬಿನ ಸಣ್ಣ ಸರಪಳಿಯೊಂದಿದೆ. ಅದು ಪ್ರೋಟೀನಿನದೇ ಜೇಬೊಂದರಲ್ಲಿ ತೂರಿಕೊಂಡಾಗ ಏಬಲ್ ಸುಮ್ಮನಾಗುತ್ತದೆ ಎಂದು 2003ರಲ್ಲಿ ತಿಳಿಯಿತು. ಬಿಸಿಆರ್ ಬಂದು ಅಂಟಿಕೊಂಡಾಗ ಆ ಮುಂತುದಿ ಕಳಚಿ ಹೋಗುತ್ತದೆ; ಜೇಬು ಉಳಿಯುತ್ತದೆ, ಬೀಗದಕೈ ಇರುವುದಿಲ್ಲ. ಅಸಿಮಿನಿಬ್ ಹೋಗಿ ಕೂರುವುದು ಆ ಖಾಲಿ ಜೇಬಿನಲ್ಲಿ. ಪ್ರಕೃತಿ ಇಟ್ಟಿದ್ದ ನಿಲುಗಡೆಯನ್ನೇ ಬೇರೆ ಅಣುವಿನಿಂದ ಮತ್ತೆ ಕೂಡಿಸಿದಂತಾಯಿತು. ಕೊಲ್ಲುವ ಔಷಧಿಗಾಗಿ ಮಾತ್ರ ಹುಡುಕುತ್ತಿದ್ದರೆ ಈ ಜೇಬಿಗೆ ಯಾರೂ ಕೈ ಹಾಕುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಆಕ್ಷೇಪಗಳಿಗೆ ಕಿವಿಗೊಡದಿದ್ದರೆ ಅದು ಉಪನ್ಯಾಸವಾಗದೆ ಜಾಹೀರಾತಾದೀತು. ಮೊದಲನೆಯದು, ಹಂಟರ್ ಶೋಧ ಬರೀ ಅದೃಷ್ಟ ಎಂಬ ಮಾತು. ಹಳಸಿದ ದ್ರಾವಣ ಅದೃಷ್ಟವೇ, ಒಪ್ಪೋಣ. ಆದರೆ ಕೆಟ್ಟ ದ್ರಾವಣದಲ್ಲಿ ವಿಚಿತ್ರ ಚುಕ್ಕಿ ಕಂಡರೆ ಪ್ರಯೋಗ ಕೆಟ್ಟಿತೆಂದು ಫಲಕವನ್ನು ಬಿಸಾಡುವುದು ಎಲ್ಲ ಪ್ರಯೋಗಾಲಯಗಳ ವಾಡಿಕೆ. ಆ ಚುಕ್ಕಿಗೆ ಹೆಸರು ಹುಡುಕಿ, ಹೋಲಿಸಲು ಬೇಕಾದ ವಸ್ತುವನ್ನು ಕೈಯಾರೆ ತಯಾರಿಸಿ, ಬೇರೆ ವೈರಸ್ಸಿನ ಪ್ರೋಟೀನಿನಲ್ಲೂ ಅದನ್ನೇ ಪರೀಕ್ಷಿಸಿದ್ದು ಅದೃಷ್ಟದ ಲೆಕ್ಕಕ್ಕೆ ಸೇರುವುದಿಲ್ಲ. ಈ ಆಕ್ಷೇಪಕ್ಕೆ ಇಷ್ಟು ಸಾಕು.

ಎರಡನೆಯ ಆಕ್ಷೇಪ ಗಂಭೀರವಾದದ್ದು. ಸಿಎಂಎಲ್ ಅಪವಾದ, ಒಂದೇ ಬೆಸುಗೆಯಿಂದ ಹುಟ್ಟುವ ಕ್ಯಾನ್ಸರ್ ಅದು. ಶ್ವಾಸಕೋಶದ, ಕರುಳಿನ, ಸ್ತನದ ಗಡ್ಡೆಗಳಲ್ಲಿ ಹತ್ತಾರು ಜೀನುಗಳು ಕೆಟ್ಟಿರುತ್ತವೆ, ಒಂದು ತೂಬು ಮುಚ್ಚಿದರೆ ಏನಾದೀತು ಎನ್ನುತ್ತಾರೆ. ಇದಕ್ಕೆ ಬೆಂಬಲವಾಗಿ ಇನ್ನೂ ಬಲವಾದ ಪುರಾವೆಯೂ ಇದೆ. ಕಣ್ಣರೆಪ್ಪೆಯ ಆರೋಗ್ಯವಂತ ಚರ್ಮವನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾನ್ಸರಿಗೆ ದಾರಿ ಮಾಡುವ ಬದಲಾವಣೆಗಳು ಸುಮಾರು ಕಾಲುಭಾಗದಷ್ಟು ಕೋಶಗಳಲ್ಲಿ ಕಂಡವು. ಆ ಚರ್ಮದಲ್ಲಿ ಗಡ್ಡೆಯಿರಲಿಲ್ಲ. ಹಾಗಾದರೆ ಸಂಕೇತ ಪ್ರೋಟೀನು ಕೆಡುವುದೊಂದೇ ಕ್ಯಾನ್ಸರ್ ಅಲ್ಲ ಎಂದಾಯಿತಲ್ಲವೆ? ಆಯಿತು, ಅದನ್ನು ನಾನು ಒಪ್ಪುತ್ತೇನೆ. ಆದರೆ ಇದು ನನ್ನ ವಾದವನ್ನು ಕೆಡಹುವುದಕ್ಕಿಂತ ಹೆಚ್ಚಾಗಿ ತಿದ್ದುತ್ತದೆ. ನಿಲ್ಲಿಸುವ ಏರ್ಪಾಡು ಒಂದೇ ಹಂತದ್ದಲ್ಲ. ಒಂದು ತೂಬು ಕೆಟ್ಟರೆ ಕಾಲುವೆಯಲ್ಲಿ ಮುಂದೆ ಇನ್ನೊಂದು ಅಡ್ಡಹಲಗೆ ಇರುತ್ತದೆ, ನೆರೆಯ ಕೋಶಗಳ ಒತ್ತಡವಿರುತ್ತದೆ, ಕೆಟ್ಟ ಕೋಶ ತಾನಾಗಿ ಸಾಯುವ ವ್ಯವಸ್ಥೆಯೂ ಇರುತ್ತದೆ. ಹಲವು ನಿಲುಗಡೆಗಳು ಒಂದಾದಮೇಲೊಂದು ತಪ್ಪಿದಾಗ ಗಡ್ಡೆ ಬೆಳೆಯುತ್ತದೆ. ವಯಸ್ಸಾದಂತೆ ಕ್ಯಾನ್ಸರ್ ಹೆಚ್ಚುವುದಕ್ಕೆ ಇದೂ ಒಂದು ಕಾರಣ.

ಇದೇ ಆಕ್ಷೇಪದ ಮತ್ತೊಂದು ಮುಖ, ಔಷಧಿಗೆ ಬಗ್ಗದ ಗಡ್ಡೆಗಳು. ಇಮ್ಯಾಟಿನಿಬ್ ಮಾರುಕಟ್ಟೆಗೆ ಬಂದ ವರ್ಷವೇ ಚಾರ್ಲ್ಸ್ ಸಾಯರ್ಸ್ ಅವರ ತಂಡ, ರೋಗ ಮರುಕಳಿಸಿದವರಲ್ಲಿ ಏಬಲ್ ಕೈನೇಸ್ ಮತ್ತೆ ಚಾಲೂ ಆಗಿರುವುದನ್ನು ತೋರಿಸಿತು. ಹಲವರಲ್ಲಿ ಕಾರಣ 315ನೆಯ ಜಾಗದ ಥ್ರಿಯೊನಿನ್ ಹೋಗಿ ಐಸೊಲ್ಯೂಸಿನ್ ಬಂದದ್ದು, ಅಷ್ಟೇ. ಔಷಧಿ ಕೂರುವ ಸಂದಿಯ ಬಾಯಿ ಅದರಿಂದ ಮುಚ್ಚಿಹೋಗುತ್ತದೆ. ಇದರಿಂದ ತಿಳಿಯುವುದೇನೆಂದರೆ ರೋಗ ದಾರಿ ಬದಲಿಸಲಿಲ್ಲ, ಅದೇ ತೂಬನ್ನು ಮತ್ತೆ ತೆರೆಯಿತು. ಆದ್ದರಿಂದಲೇ ಮುಂದಿನ ಔಷಧಿಗಳು ಬಂದವು. ಕರುಳಿನ ಕ್ಯಾನ್ಸರ್ ಇನ್ನೂ ಜಟಿಲ ಪಾಠ ಕಲಿಸಿತು. ಬಿರಾಫ್ ಎಂಬ ಕೈನೇಸಿನ 600ನೆಯ ಜಾಗದ ದೋಷ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲೂ ಇದೆ, ಕರುಳಿನ ಕೆಲವು ಗಡ್ಡೆಗಳಲ್ಲೂ ಇದೆ. ಅದನ್ನು ತಡೆಯುವ ವೆಮುರಾಫೆನಿಬ್ 2011ರಲ್ಲಿ ಬಂತು. ಚರ್ಮದ ಗಡ್ಡೆಗಳು ಕುಗ್ಗಿದವು. ಕರುಳಿನವು ಬಹುಮಟ್ಟಿಗೆ ಜಗ್ಗಲಿಲ್ಲ. ದೋಷ ಒಂದೇ, ಔಷಧಿ ಒಂದೇ, ಫಲ ಬೇರೆ. ಕಾರಣ 2012ರಲ್ಲಿ ತಿಳಿಯಿತು. ಬಿರಾಫ್ ಜೋರಾಗಿ ಓಡುತ್ತಿರುವಾಗ ಅದರ ಕೆಳಗಿನ ಕೊಂಡಿಗಳು ಮೇಲಿನ ಗ್ರಾಹಕಕ್ಕೆ ಸಾಕು ಎಂಬ ಮರುಸುದ್ದಿ ಕಳಿಸುತ್ತವೆ. ಬಿರಾಫ್ ನಿಂತರೆ ಆ ಮರುಸುದ್ದಿಯೂ ನಿಲ್ಲುತ್ತದೆ, ಗ್ರಾಹಕ ಮತ್ತೆ ಎಚ್ಚರಗೊಂಡು ಬೇರೆ ಕಾಲುವೆಯಲ್ಲಿ ನೀರು ಬಿಡುತ್ತದೆ. ಮೆಲನೋಮಾ ಕೋಶಗಳಲ್ಲಿ ಆ ಗ್ರಾಹಕ ಅತ್ಯಲ್ಪ. ವಿಚಿತ್ರವೆಂದರೆ ಆ ಗ್ರಾಹಕ ಕೋಹೆನ್ ಅವರ ಇಲಿಮರಿಗಳ ಕಣ್ಣು ತೆರೆಸಿದ ಸುದ್ದಿಯನ್ನು ಹಿಡಿಯುವುದೇ. ನಾವು ಔಷಧಿಯಿಂದ ಮುಚ್ಚಿದ್ದು ಒಂದು ತೂಬು. ಅದರ ಜೊತೆಗೆ ಕೋಶ ತಾನೇ ಇಟ್ಟುಕೊಂಡಿದ್ದ ಇನ್ನೊಂದು ನಿಲುಗಡೆಯನ್ನು ಅರಿಯದೆ ತೆಗೆದುಬಿಟ್ಟೆವು. ಈಗ ಅಂಥ ಗಡ್ಡೆಗಳಿಗೆ ಎರಡೂ ಕಡೆ ತಡೆಯೊಡ್ಡುವ ಜೋಡಿ ಚಿಕಿತ್ಸೆಯಿದೆ. ನಿಲುಗಡೆಗಳು ಒಂದಕ್ಕೊಂದು ಕೂಡಿಕೊಂಡಿರುವ ಜಾಲವೆಂದು ನೋಡದಿದ್ದರೆ ಈ ಸೋಲು ಅರ್ಥವಾಗುತ್ತಲೇ ಇರಲಿಲ್ಲ.

ರಾಸ್ ವಿಚಾರದಲ್ಲಿ ಇನ್ನೊಂದು ಮಾತು. ಮೂವತ್ತು ವರ್ಷ ಅದಕ್ಕೆ ಔಷಧಿಯೇ ಸಾಧ್ಯವಿಲ್ಲ ಎಂದು ಬಲ್ಲವರೇ ಹೇಳಿದರು, ಏಕೆಂದರೆ ಅದರ ಮೈ ನುಣುಪು, ಅಣು ಕೂರಲು ಸಂದಿಯಿಲ್ಲ. 12ನೆಯ ಜಾಗದಲ್ಲಿ ಸಿಸ್ಟೀನ್ ಬಂದಿರುವ ರೂಪಕ್ಕೆ ಮಾತ್ರ ಸಿಕ್ಕಿಕೊಳ್ಳುವ ಅಣುವನ್ನು ಕೆವನ್ ಶೋಕತ್ ಅವರ ಪ್ರಯೋಗಾಲಯ 2013ರಲ್ಲಿ ತೋರಿಸಿತು, 2021ರಲ್ಲಿ ಸೊಟೊರಾಸಿಬ್ ಎಂಬ ಔಷಧಿ ಶ್ವಾಸಕೋಶದ ಕ್ಯಾನ್ಸರಿಗೆ ಒಪ್ಪಿಗೆ ಪಡೆಯಿತು. ಅದು ಹಿಡಿಯುವುದು ಜಿಡಿಪಿ ಹೊತ್ತು ಮಲಗಿರುವ ರಾಸ್ ಪ್ರೋಟೀನನ್ನು. ಅದರ ಫಲ ಇಮ್ಯಾಟಿನಿಬ್ಬಿನಷ್ಟು ದೀರ್ಘವಲ್ಲ ಎಂಬುದನ್ನೂ ಹೇಳಬೇಕು.

ಮೂರನೆಯ ಆಕ್ಷೇಪ ವಿಜ್ಞಾನದ್ದಲ್ಲ, ದುಡ್ಡಿನದು. ಬಡವನಿಗೆ ಸಿಗದ ಔಷಧಿಯಿಂದ ಯಾರಿಗೇನು ಲಾಭ? ಭಾರತದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಮ್ಯಾಟಿನಿಬ್ ಲವಣದ ಒಂದು ಸ್ಫಟಿಕ ರೂಪಕ್ಕೆ ಅದನ್ನು ತಯಾರಿಸುವ ನೊವಾರ್ಟಿಸ್ ಕಂಪನಿ ಪೇಟೆಂಟ್ ಕೇಳಿತ್ತು. ಗೊತ್ತಿರುವ ವಸ್ತುವಿನ ಹೊಸ ರೂಪ ಹೆಚ್ಚಿನ ಪರಿಣಾಮ ತೋರದಿದ್ದರೆ ಪೇಟೆಂಟ್ ಇಲ್ಲವೆನ್ನುವ ನಮ್ಮ ಕಾಯಿದೆಯ ಸೆಕ್ಷನ್ 3(ಡಿ) ಆಧಾರದಲ್ಲಿ 2013ರ ಏಪ್ರಿಲ್ 1ರಂದು ನ್ಯಾಯಾಲಯ ಅದನ್ನು ತಿರಸ್ಕರಿಸಿತು. ಆ ಹೊತ್ತಿಗೆ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ, ಭಾರತೀಯ ಕಂಪನಿಗಳ ಅದೇ ಮಾತ್ರೆಗೆ ಹತ್ತು ಸಾವಿರದ ಒಳಗೆ ಎಂದು ಪತ್ರಿಕೆಗಳು ಲೆಕ್ಕ ಕೊಟ್ಟಿದ್ದವು. ಕಂಪನಿ ಬಹಳ ರೋಗಿಗಳಿಗೆ ಔಷಧಿಯನ್ನು ಉಚಿತವಾಗಿ ಕೊಡುತ್ತಿತ್ತು ಎಂಬುದನ್ನೂ ಮರೆಯಬಾರದು, ಆದರೆ ಉದಾರತೆಯ ಮೇಲೆ ನಿಂತ ಚಿಕಿತ್ಸೆ ಒಂದು, ಅಂಗಡಿಯಲ್ಲಿ ಕೈಗೆಟಕುವ ಚಿಕಿತ್ಸೆ ಇನ್ನೊಂದು. ಪಶ್ಚಿಮದ ದೇಶಗಳಲ್ಲಿ ಸಿಎಂಎಲ್ ಹೆಚ್ಚಾಗಿ ಅರವತ್ತರ ಆಸುಪಾಸಿನವರ ರೋಗ. ನಮ್ಮ ಆಸ್ಪತ್ರೆಗಳ ವರದಿಗಳಲ್ಲಿ ನಲವತ್ತರ ಸುತ್ತಮುತ್ತ, ಅದಕ್ಕಿಂತ ಕೆಳಗೂ ಉಂಟು. ದುಡಿಯುವ ಕೈ ದಿನಾ ನುಂಗಬೇಕಾದ ಮಾತ್ರೆ ಇದು, ವರ್ಷಗಟ್ಟಲೆ. ಹಾಗಿರುವಾಗ ಬೆಲೆಯ ಪ್ರಶ್ನೆ ವಿಜ್ಞಾನದ ಹೊರಗಿನದು ಎಂದು ನಾನಂತೂ ಹೇಳಲಾರೆ. ಆದರೆ ಬೆಲೆ ಹೆಚ್ಚೆಂಬ ಕಾರಣಕ್ಕೆ ಶೋಧವೇ ವ್ಯರ್ಥ ಎಂಬ ತೀರ್ಮಾನವೂ ಸಲ್ಲದು. ಬೆಲೆ ಇಳಿಸಲು ಕಾಯಿದೆಗೆ ಸಾಧ್ಯವಾಯಿತು. ಶೋಧವೇ ನಡೆಯದಿದ್ದರೆ ಇಳಿಸಲು ಏನೂ ಇರುತ್ತಿರಲಿಲ್ಲ.

ವರ್ಷಗಟ್ಟಲೆ ಎಂದೆ. ಆ ಮಾತಿನಿಂದ ಕೊನೆಯ ಪ್ರಶ್ನೆಗೆ ಬರುತ್ತೇನೆ: ಈ ಮಾತ್ರೆಯನ್ನು ನಿಲ್ಲಿಸಬಹುದೆ? ಫ್ರಾನ್ಸಿನ ವೈದ್ಯರು ಇದನ್ನು ಪರೀಕ್ಷೆಗೆ ಹಚ್ಚಿ 2010ರಲ್ಲಿ ಪ್ರಕಟಿಸಿದರು. ಇಮ್ಯಾಟಿನಿಬ್ ಪಡೆಯುತ್ತ, ರಕ್ತದಲ್ಲಿ ಬಿಸಿಆರ್-ಏಬಲ್ ಸುಳಿವು ಕನಿಷ್ಠ ಎರಡು ವರ್ಷ ಸೂಕ್ಷ್ಮ ಪರೀಕ್ಷೆಗೂ ಸಿಗದಿದ್ದ ನೂರು ಮಂದಿ ಮಾತ್ರೆ ಬಿಟ್ಟರು. ಒಂದು ವರ್ಷದ ಹೊತ್ತಿಗೆ ಹತ್ತರಲ್ಲಿ ಸುಮಾರು ನಾಲ್ವರಿಗೆ ರೋಗ ಮರಳಿರಲಿಲ್ಲ. ಮರಳಿದವರಿಗೆ ಮಾತ್ರೆ ಮತ್ತೆ ಕೊಟ್ಟಾಗ ಅದು ಮತ್ತೆ ಹಿಡಿತಕ್ಕೆ ಬಂತು. ರೋಗ ಮರಳದವರಲ್ಲಿ ಕೆಟ್ಟ ಕೋಶಗಳೆಲ್ಲ ಸತ್ತಿದ್ದವೆಂದು ಸಹಜವಾಗಿ ಅನಿಸುತ್ತದೆ. ಇನ್ನೂ ಸೂಕ್ಷ್ಮವಾದ ಡಿಎನ್‌ಎ ಪರೀಕ್ಷೆ ಮಾಡಿದಾಗ ಹೀಗೆ ಮಾತ್ರೆ ಬಿಟ್ಟ ಹಲವರ ರಕ್ತದಲ್ಲಿ ಆ ಬೆಸೆದ ಜೀನು ಸಿಕ್ಕಿತು, ವರ್ಷಗಳ ಬಳಿಕವೂ. ಚಿಲಕವಿಲ್ಲದ ಯಂತ್ರ ಹೊತ್ತ ಕೋಶಗಳು ಅಲ್ಲಿವೆ, ಔಷಧಿ ಇಲ್ಲ, ಆದರೂ ಅವು ಬೆಳೆಯುತ್ತಿಲ್ಲ. ಇಂಥವರ ರಕ್ತದಲ್ಲಿ ಕೆಟ್ಟ ಕೋಶಗಳನ್ನು ಗುರುತಿಸಿ ಕೊಲ್ಲುವ ಒಂದು ಬಗೆಯ ಬಿಳಿಕಣಗಳು ಹೆಚ್ಚಿರುವುದನ್ನು ಕೆಲವು ಅಧ್ಯಯನಗಳು ಕಂಡಿವೆ. ಅವೇ ಕಾರಣವೋ, ಆ ಕೋಶಗಳ ನೆರೆಹೊರೆಯಲ್ಲಿ ಬೇರೊಂದು ಅಡ್ಡಹಲಗೆ ಇದೆಯೋ ಎಂದು ಈಗ ಹಲವು ಪ್ರಯೋಗಾಲಯಗಳು ಹುಡುಕುತ್ತಿವೆ.